ನಾಲ್ಕು ಅಡಿಯ ಹವಳದ ಟ್ಯಾಂಕ್: ಎಷ್ಟು ಮೀನು ಸಾಕು?

ಅಂಗಳದ_ಕಡಲು (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ಶೀರ್ಷಿಕೆಯ ‘ಸಾಕು’ ಪದವನ್ನು ಎರಡೂ ಅರ್ಥದಲ್ಲಿ ಓದಿಕೊಳ್ಳಿ. ಎರಡಕ್ಕೂ ನನ್ನ ಬಳಿ ಉತ್ತರವಿಲ್ಲ.

ಟ್ಯಾಂಕ್ ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಲೆಕ್ಕಕ್ಕೆ 255 ಲೀಟರ್. ಕಲ್ಲು, ಮರಳು ಕಳೆದರೆ ನೀರು 200 ಲೀಟರ್ ಇರಬಹುದು. ಸಂಪ್‌ನಲ್ಲಿ ಇನ್ನೊಂದು 50. (ಹೊಸಬರಿಗೆ: ಇದು ಮನೆ ಮುಂದಿನ ನೆಲದಡಿಯ ಸಂಪ್ ಅಲ್ಲ, ನೊರೆಯೆಬ್ಬಿಸಿ ಕೊಳೆ ತೆಗೆಯುವ ಸ್ಕಿಮ್ಮರ್, ಹೀಟರ್ ಇಡಲು ಟ್ಯಾಂಕಿನ ಕೆಳಗಿರುವ ಗಾಜಿನ ಪೆಟ್ಟಿಗೆ. ನಮ್ಮ ಮಾವನವರು ಇದನ್ನು ಇನ್ನೂ ಒಪ್ಪಿಲ್ಲ.)

ಶುರುಮಾಡಿ ಒಂಬತ್ತು ತಿಂಗಳಾಯಿತು. ಲವಣಾಂಶ 35 ಪಿಪಿಟಿ (ಸಾವಿರಕ್ಕೆ 35 ಪಾಲು), ಉಷ್ಣತೆ 26 ಡಿಗ್ರಿ, ಮೀನಿನ ಊಟ, ಮಲ ಕೊಳೆತು ಕೊನೆಗೆ ನೀರಿನಲ್ಲಿ ಉಳಿಯುವ ನೈಟ್ರೇಟ್ 8 ಪಿಪಿಎಂ (ಲೀಟರಿಗೆ 8 ಮಿಲಿಗ್ರಾಂ). ಹವಳಗಳೆಲ್ಲ ಮೃದು ಜಾತಿಯವು: ಝೋವಾಂತಿಡ್, ಮಶ್ರೂಮ್, ಒಂದು ಲೆದರ್. ಸದ್ಯಕ್ಕೆ ಮೀನು ಐದು. ಕ್ಲೌನ್ ಜೋಡಿ, ಒಂದು ರಾಯಲ್ ಗ್ರಾಮಾ, ಒಂದು ಲಾನ್‌ಮೋವರ್ ಬ್ಲೆನ್ನಿ, ಮತ್ತೆ ಪಿಸ್ತೂಲು ಸಿಗಡಿಯೊಂದಿಗೆ ಒಂದೇ ಬಿಲದಲ್ಲಿ ಸಂಸಾರ ಹೂಡಿರುವ ವಾಚ್‌ಮನ್ ಗೋಬಿ.

ತರಬೇಕೆಂದಿರುವವು: ಒಂದು ಹಳದಿ ಟ್ಯಾಂಗ್ (ಮಗಳಿಗೆ ಹಳದಿ ಮೀನು ಬೇಕೇ ಬೇಕು), ಐದು ಹಸಿರು ಕ್ರೋಮಿಸ್, ಒಂದು ಸಿಕ್ಸ್‌ಲೈನ್ ರಾಸ್, ಒಂದು ಮ್ಯಾಂಡರಿನ್. ಅಲ್ಲಿಗೆ ಹದಿಮೂರಾಗುತ್ತದೆ. ಅಂಗಡಿಯವರು ‘ಇಪ್ಪತ್ತಾದರೂ ಹಿಡಿಯುತ್ತದೆ’ ಎಂದರು. ಸ್ನೇಹಿತರೊಬ್ಬರು ಈಗಿರುವ ಐದೇ ಹೆಚ್ಚು ಎಂದರು. ನೀವೇನು ಹೇಳುತ್ತೀರಿ?

ಹಳೆಯ_ಉಪ್ಪು (ಮೈಸೂರು)

ಹಿಡಿಯುವುದೇನೋ ಹಿಡಿಯುತ್ತದೆ. ಹಬ್ಬದ ಹಿಂದಿನ ರಾತ್ರಿ ಮೆಜೆಸ್ಟಿಕ್‌ನಿಂದ ಹೊರಡುವ ಬಸ್ಸೂ ಎಲ್ಲರನ್ನೂ ಹಿಡಿಯುತ್ತದೆ. ಆ ಜನ ಬೆಳಗ್ಗೆ ಊರಲ್ಲಿ ಇಳಿದುಹೋಗುತ್ತಾರೆ. ನಿಮ್ಮ ಮೀನು ಎಲ್ಲಿ ಇಳಿಯಬೇಕು?

ಗ್ಯಾಲನ್ನಿಗೆ ಒಂದು ಇಂಚು ಮೀನು ಎಂಬ ಹಳೆಯ ಸೂತ್ರವನ್ನು ಅಂಗಡಿಯವರು ನಿಮಗೂ ಹೇಳಿರುತ್ತಾರೆ. ಸಿಹಿನೀರಿನ ಸಣ್ಣ ಮೀನುಗಳಿಗೇ ಅದು ಕುಂಟುತ್ತದೆ, ಇಲ್ಲಿ ನಡೆಯುವುದೇ ಇಲ್ಲ. ಮೀನಿನ ಉದ್ದ ಎರಡು ಪಟ್ಟಾದರೆ ತೂಕ ಎಂಟು ಪಟ್ಟಾಗುತ್ತದೆ. ಅಂಗಡಿಯಲ್ಲಿ 5 ಸೆಂ.ಮೀ. ಇದ್ದ ಹಳದಿ ಟ್ಯಾಂಗ್ 20 ಸೆಂ.ಮೀ. ವರೆಗೆ ಬೆಳೆಯುತ್ತದೆ, ಅಂದರೆ ಸುಮಾರು 64 ಮರಿಗಳ ತೂಕ. ಅದನ್ನು ನೀವು ‘ಒಂದು’ ಎಂದು ಬರೆದಿದ್ದೀರಿ.

ತೂಕ ಒತ್ತಟ್ಟಿಗಿರಲಿ. ಟ್ಯಾಂಗ್ ದಿನವಿಡೀ ಬಂಡೆಯಿಂದ ಬಂಡೆಗೆ ಪಾಚಿ ಮೇಯುತ್ತಾ ಓಡಾಡುವ ಮೀನು. ನಾಲ್ಕು ಅಡಿ ಅದಕ್ಕೆ ಬಚ್ಚಲುಮನೆಯಷ್ಟು. ಆರು ಅಡಿ ಇದ್ದವರು ಯೋಚಿಸಲಿ. ಸಿಕ್ಸ್‌ಲೈನ್ ಬೆರಳುದ್ದದ್ದೇ ಆದರೂ ಒಮ್ಮೆ ನೆಲೆಯೂರಿತೆಂದರೆ ನಂತರ ಬಂದವರ ಮೇಲೆ ಅತ್ತೆಗಿರಿ ನಡೆಸುತ್ತದೆ. ಹಾಕಲೇಬೇಕಿದ್ದರೆ ಎಲ್ಲಕ್ಕಿಂತ ಕೊನೆಗೆ ಹಾಕಿ. ಮ್ಯಾಂಡರಿನ್‌ಗೆ ಜಾಗ ಸಾಲದೆಂಬ ದೂರಿಲ್ಲ, ಊಟ ಸಾಲದು. ಕಲ್ಲಿನ ಸಂದುಗಳಲ್ಲಿರುವ ಕೋಪಿಪಾಡ್ ಎಂಬ ಚುಕ್ಕಿಯಷ್ಟಿರುವ ಜೀವಿಗಳನ್ನು ಅದು ಬೆಳಗಿನಿಂದ ಸಂಜೆಯವರೆಗೆ ಹೆಕ್ಕುತ್ತಿರಬೇಕು. ಒಂಬತ್ತು ತಿಂಗಳ ಟ್ಯಾಂಕಿನಲ್ಲಿ ಅವು ಬೇಗ ಮುಗಿದುಹೋಗುತ್ತವೆ. ಆಮೇಲೆ ಮೀನು ಎಲ್ಲರ ಕಣ್ಣೆದುರೇ ಒಣಗುತ್ತಾ ಬರುತ್ತದೆ. ನಾನು ಒಂದನ್ನು ಹಾಗೆ ಕಳೆದುಕೊಂಡೆ. ಇನ್ನೊಂದನ್ನು ತರಲಿಲ್ಲ.

ಕ್ರೋಮಿಸ್_ಸಂತ್ರಸ್ತ (ಹುಬ್ಬಳ್ಳಿ)

‘ಐದು ಕ್ರೋಮಿಸ್’ ಎಂದು ಓದಿ ನಗು ಬಂತು, ಕ್ಷಮಿಸಿ. ನಾನು ಏಳು ತಂದಿದ್ದೆ. ಗುಂಪಾಗಿ ಈಜುತ್ತವೆ ಎಂದಿದ್ದರು. ಈಜಿದವು ಕೂಡ, ಮೂರು ವಾರ. ಒಂದು ಬೆಳಗ್ಗೆ ಎಲ್ಲಕ್ಕಿಂತ ಸಣ್ಣದರ ಬಾಲ ಹರಿದಿತ್ತು. ಅದು ಹೋದ ಮೇಲೆ ಈಗ ಎಲ್ಲಕ್ಕಿಂತ ಸಣ್ಣದು ಯಾವುದು ಎಂದು ಉಳಿದ ಆರೂ ಸೇರಿ ತೀರ್ಮಾನಿಸಿದವು. ಎಂಟು ತಿಂಗಳಲ್ಲಿ ಉಳಿದದ್ದು ಒಂದು. ಆ ಒಂದು ನಾಲ್ಕು ವರ್ಷಗಳಿಂದ ಒಂಟಿಯಾಗಿ, ಬಹಳ ನೆಮ್ಮದಿಯಿಂದ, ಮೈಕೈ ತುಂಬಿಕೊಂಡು ಇದೆ.

ಆದ್ದರಿಂದ ನಿಮ್ಮ ಹದಿಮೂರರ ಲೆಕ್ಕದಲ್ಲಿ ನಾಲ್ಕನ್ನು ಈಗಲೇ ಕಳೆದುಬಿಡಿ.

ಮರಳುಗಾಡಿನ_ಹವಳ (ದುಬೈ)

ಎಲ್ಲರೂ ಸೇರಿ ಹೊಸಬರನ್ನು ಹೆದರಿಸುತ್ತಿದ್ದೀರಿ. ನನ್ನದೂ ನಾಲ್ಕು ಅಡಿಯ ಟ್ಯಾಂಕೇ, ಒಳಗೆ ಹದಿನೇಳು ಮೀನುಗಳಿವೆ. ಮೂರು ವರ್ಷವಾಯಿತು.

ಮೊದಲ ವರ್ಷ ನಾನೂ ಭಯಭಕ್ತಿಯಿಂದ ನಾಲ್ಕೇ ಮೀನು ಇಟ್ಟಿದ್ದೆ. ಚಿಟಿಕೆಯಷ್ಟು ಆಹಾರ, ದೊಡ್ಡ ಸ್ಕಿಮ್ಮರ್. ನೈಟ್ರೇಟ್ ಸೊನ್ನೆ, ಫಾಸ್ಫೇಟ್ ಸೊನ್ನೆ ಎಂದು ಬೀಗುತ್ತಿದ್ದೆ. ಹವಳಗಳು ಬಿಳಚಿಕೊಂಡವು. ಆಮೇಲೆ ಮರಳಿನ ಮೇಲೆ ಕಂದು ಬಣ್ಣದ ಲೋಳೆ ಹರಡಿತು, ಅದರೊಳಗೆಲ್ಲ ಗುಳ್ಳೆ. ಡೈನೋಫ್ಲಾಜೆಲೇಟ್ ಎಂಬ ಸೂಕ್ಷ್ಮಜೀವಿ! ಅದನ್ನು ಓಡಿಸಲು ಐದು ತಿಂಗಳು ಬೇಕಾಯಿತು, ಕೊನೆಗೆ ಓಡಿದ್ದು ಮೀನು ಹೆಚ್ಚಿಸಿ, ಊಟ ಹೆಚ್ಚಿಸಿದ ಮೇಲೆ. ಹವಳಕ್ಕೆ ಮೀನಿನ ಮಲವೇ ಗೊಬ್ಬರ. ತೋಟಕ್ಕೆ ಗೊಬ್ಬರ ಹಾಕದೆ ಫಸಲು ಬರಲಿಲ್ಲ ಎಂದು ಅಳುವವರನ್ನು ಕಂಡಿದ್ದೀರಾ?

ನಾನು ಇಟ್ಟಿರುವುದೆಲ್ಲ ಸಣ್ಣ ಮೀನು, ಟ್ಯಾಂಗ್ ಇಲ್ಲ. ಸ್ಕಿಮ್ಮರ್ 600 ಲೀಟರಿನ ಟ್ಯಾಂಕಿಗೆ ಆಗುವಂಥದ್ದು. ಸಂಪ್‌ನ ಅರ್ಧ ಭಾಗದಲ್ಲಿ ಕೀಟೋಮಾರ್ಫಾ ಪಾಚಿ ಬೆಳೆಸಿ ವಾರಕ್ಕೊಮ್ಮೆ ಕೊಯ್ದು ಎಸೆಯುತ್ತೇನೆ. ನಿಮಗೆ ಹನ್ನೆರಡು ಧಾರಾಳವಾಗಿ ಆಗುತ್ತದೆ.

ತಕ್ಕಡಿ (ಶಿವಮೊಗ್ಗ)

ದುಬೈನವರು ಮೀನು ಎಣಿಸುವ ಬದಲು ಊಟ ತೂಗಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು.

ದಿನಕ್ಕೆ ಒಂದು ಗ್ರಾಂ ಒಣ ಆಹಾರವೆಂದು ತೆಗೆದುಕೊಳ್ಳಿ. ಅದರಲ್ಲಿ ಅರ್ಧದಷ್ಟು ಪ್ರೋಟೀನ್. ಪ್ರೋಟೀನಿನಲ್ಲಿ ಸಾರಜನಕ ಶೇ 16. ಅಂದರೆ ಗ್ರಾಂ ಆಹಾರಕ್ಕೆ 80 ಮಿಲಿಗ್ರಾಂ ಸಾರಜನಕ. ಅದು ಅಮೋನಿಯಾ, ನೈಟ್ರೈಟ್ ಎಲ್ಲ ದಾಟಿ ಪೂರ್ತಿ ನೈಟ್ರೇಟ್ ಆದರೆ ಸುಮಾರು 350 ಮಿಲಿಗ್ರಾಂ. 250 ಲೀಟರ್ ನೀರಿಗೆ ಹಂಚಿದರೆ ದಿನಕ್ಕೆ 1.4 ಪಿಪಿಎಂ, ವಾರಕ್ಕೆ ಹತ್ತಿರಹತ್ತಿರ 10.

ವಾರಕ್ಕೆ ಶೇ 10 ನೀರು ಬದಲಿಸುತ್ತೀರಿ ಎಂದುಕೊಳ್ಳೋಣ. ಅಷ್ಟರಿಂದಲೇ ಸರಿದೂಗಿಸಬೇಕಾದರೆ ನೈಟ್ರೇಟ್ ಏರುತ್ತಾ ಹೋಗಿ 100ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಏಕೆಂದರೆ ನೂರರ ಶೇ 10 ಎಂದರೆ ಹತ್ತು. ಬಂದದ್ದೂ ಹತ್ತು, ಹೋದದ್ದೂ ಹತ್ತು.

ಹದಿಮೂರು ಮೀನಿಗೆ, ಅದರಲ್ಲೂ ಟ್ಯಾಂಗ್ ಇದ್ದರೆ, ದಿನಕ್ಕೆ ಒಂದು ಗ್ರಾಂ ಏನೇನೂ ಅಲ್ಲ.

ಮರಳುಗಾಡಿನ_ಹವಳ (ದುಬೈ)

ಲೆಕ್ಕ ಸರಿ, ಟ್ಯಾಂಕ್ ಮಾತ್ರ ಕಾಗದದ್ದು. ಮೀನು ತಿಂದದ್ದರಲ್ಲಿ ಒಂದು ಪಾಲು ಅದರ ಮೈಯಾಗುತ್ತದೆ. ಒಂದು ಪಾಲನ್ನು ಸ್ಕಿಮ್ಮರ್ ಕೊಳೆಯುವ ಮೊದಲೇ ಎತ್ತಿಹಾಕುತ್ತದೆ. ಲೈವ್ ರಾಕ್‌ನ (ಜೀವಿಗಳು ನೆಲೆಸಿರುವ ರಂಧ್ರಗಳ ಕಲ್ಲು) ಒಳಭಾಗದಲ್ಲಿ ಆಮ್ಲಜನಕ ತಲುಪದ ಕಡೆ ಇರುವ ಬ್ಯಾಕ್ಟೀರಿಯಾ ನೈಟ್ರೇಟನ್ನು ಸಾರಜನಕ ಅನಿಲವಾಗಿ ಮಾಡಿ ಗಾಳಿಗೆ ಬಿಡುತ್ತದೆ. ಪಾಚಿ ಕೊಯ್ಯುವುದನ್ನು ಆಗಲೇ ಹೇಳಿದೆ. ನನ್ನ ನೈಟ್ರೇಟ್ 12.

ತಕ್ಕಡಿ (ಶಿವಮೊಗ್ಗ)

ಒಪ್ಪಿದೆ, ಅರ್ಧ. ನನ್ನದು ಅತಿ ಕೆಟ್ಟ ಸಂದರ್ಭದ ಲೆಕ್ಕ. ಆದರೆ ನೀವು ಪಟ್ಟಿಮಾಡಿದ ನಾಲ್ಕು ದಾರಿಗಳಲ್ಲಿ ಪ್ರಶ್ನೆ ಕೇಳಿದವರ ಬಳಿ ಎಷ್ಟಿವೆ? ಅವರು ಪಾಚಿಯ ಮಾತೇ ಎತ್ತಿಲ್ಲ. ನಿಮ್ಮ ಹದಿನೇಳನ್ನು ನಿಮ್ಮ ಸಂಪ್‌ನೊಂದಿಗೆ ಸೇರಿಸಿಯೇ ಸಾಲ ಕೊಡಬೇಕು.

ಬಕೆಟ್_ಲೆಕ್ಕ (ಬೆಂಗಳೂರು)

ನೀರು ಬದಲಿಸುವ ಮಾತು ಬಂತು, ಆದ್ದರಿಂದ ಒಂದು ಮಾತು. ಒಂದು ಲೀಟರ್ ಆರ್‌ಓ ನೀರು ಸಿಗಬೇಕಾದರೆ ಎರಡು, ಮೂರು ಲೀಟರ್ ಪೈಪಿನಿಂದ ಹೊರಗೆ ಹೋಗುತ್ತದೆ. 2024ರ ಬೇಸಿಗೆಯಲ್ಲಿ ನಮ್ಮ ಕಟ್ಟಡದವರು ನೀರಿನ ಟ್ಯಾಂಕರ್ ಬರುವುದನ್ನು ಕಾಯುತ್ತಾ ನಿಂತಿದ್ದಾಗ ನಾನು ಮೀನಿಗೆಂದು ವಾರಕ್ಕೆ ನೂರು ಲೀಟರ್ ಮುಗಿಸುತ್ತಿದ್ದೆ. ಹೊರಬಿದ್ದ ನೀರನ್ನು ನೆಲ ಒರೆಸಲು, ಪಾಯಿಖಾನೆಗೆ ಬಳಸಿದರೂ ಲಿಫ್ಟ್‌ನಲ್ಲಿ ಯಾರ ಮುಖವನ್ನೂ ನೋಡಲಾಗುತ್ತಿರಲಿಲ್ಲ. ಆ ವರ್ಷ ಮೂರು ಮೀನುಗಳನ್ನು ಬೇರೆಯವರಿಗೆ ಕೊಟ್ಟೆ.

ಪಡುವಣ_ಗಾಳಿ (ಮಂಗಳೂರು)

ಇಷ್ಟು ಹೊತ್ತು ಓದುತ್ತಿದ್ದೆ. ನೈಟ್ರೇಟ್ ನಿಧಾನವಾಗಿ ಏರುತ್ತದೆ, ತಿದ್ದಿಕೊಳ್ಳಲು ಸಮಯ ಕೊಡುತ್ತದೆ. ಅದು ನನ್ನ ಟ್ಯಾಂಕಿನಲ್ಲಿ ಒಂದು ಮೀನನ್ನೂ ಕೊಂದಿಲ್ಲ.

ಎರಡು ವರ್ಷಗಳ ಹಿಂದೆ ಜೂನ್ ಮೊದಲ ವಾರ. ನಿಮ್ಮಷ್ಟೇ ದೊಡ್ಡ ಟ್ಯಾಂಕ್, ಹದಿನಾಲ್ಕು ಮೀನು. ಎಲ್ಲವೂ ಚೆನ್ನಾಗಿತ್ತು. ನೈಟ್ರೇಟ್ 5, ಹವಳ ಅರಳಿ ನಿಂತಿದ್ದವು, ಬಂದವರೆಲ್ಲ ಫೋಟೋ ತೆಗೆದುಕೊಂಡು ಹೋಗುತ್ತಿದ್ದರು. ಸಂಜೆ ಆರಕ್ಕೆ ಗಾಳಿ ಎದ್ದಿತು. ಬೀದಿಯ ತುದಿಯಲ್ಲಿದ್ದ ಮರ ತಂತಿಯ ಮೇಲೆ ಬಿತ್ತು. ಇನ್ವರ್ಟರ್‌ಗೆ ಒಂದು ವೇವ್‌ಮೇಕರ್ (ನೀರು ಕದಡುವ ಪಂಪ್) ಮಾತ್ರ ಕೊಟ್ಟಿದ್ದೆ, ಜೊತೆಗೆ ಮನೆಯ ಎರಡು ಫ್ಯಾನ್. ಬ್ಯಾಟರಿ ಹಳೆಯದು. ಹತ್ತು ಗಂಟೆಗೆ ಅದೂ ಮಲಗಿತು.

ಮೊದಲು ಎರಡು ಟ್ಯಾಂಗ್‌ಗಳು ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚತೊಡಗಿದವು. ನಾನೂ ನನ್ನ ಹೆಂಡತಿಯೂ ಚೊಂಬಿನಲ್ಲಿ ನೀರು ಎತ್ತಿ ಮೇಲಿಂದ ಹುಯ್ಯುತ್ತಾ ಕುಳಿತೆವು. ಒಬ್ಬರಾದ ಮೇಲೆ ಒಬ್ಬರು, ಅರ್ಧ ಅರ್ಧ ಗಂಟೆ. ಮೊಬೈಲ್ ಬೆಳಕು. ಎರಡು ಗಂಟೆಯವರೆಗೆ ಎಲ್ಲವೂ ಬದುಕಿದ್ದವು. ಆಮೇಲೆ ಇಬ್ಬರಿಗೂ ಯಾವಾಗ ನಿದ್ದೆ ಬಂತೋ ಗೊತ್ತಿಲ್ಲ. ಐದಕ್ಕೆ ಕರೆಂಟ್ ಬಂದ ಸದ್ದಿಗೆ ಎಚ್ಚರವಾಯಿತು. ಒಂಬತ್ತು ಹೋಗಿದ್ದವು. ದೊಡ್ಡವೆಲ್ಲ ಹೋಗಿದ್ದವು, ಓಡಾಡುವವೆಲ್ಲ ಹೋಗಿದ್ದವು. ಉಳಿದದ್ದು ಕ್ಲೌನ್ ಎರಡು, ಒಂದು ಗೋಬಿ, ಒಂದು ಬ್ಲೆನ್ನಿ, ಒಂದು ಕಾರ್ಡಿನಲ್. ಒಂದೇ ಕಡೆ ಕುಳಿತಿರುವ ಸೋಮಾರಿಗಳು.

ಅಂದಿನಿಂದ ನನ್ನ ಲೆಕ್ಕ ಇಷ್ಟೇ: ಪಂಪ್ ನಿಂತ ಮೇಲೆ ಆರು ಗಂಟೆ ಬದುಕುವಷ್ಟು ಮೀನು.

ತಕ್ಕಡಿ (ಶಿವಮೊಗ್ಗ)

ಇದಕ್ಕೆ ಅಂಕಿ ಬೇಕಿದ್ದರೆ: 25 ಡಿಗ್ರಿಯಲ್ಲಿ ಸಿಹಿನೀರು ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಂಡರೆ ಸಮುದ್ರದ ನೀರು ಹಿಡಿಯುವುದು 6.8 ಅಷ್ಟೇ. ಬಿಸಿಯೇರಿದಂತೆ ಇನ್ನೂ ಕಡಿಮೆ. ಅಂದರೆ 250 ಲೀಟರಿನ ಇಡೀ ವ್ಯವಸ್ಥೆಯಲ್ಲಿ ಕರಗಿರುವ ಆಮ್ಲಜನಕ 1.7 ಗ್ರಾಂ. ಸುಮಾರು ಕಾಲು ಟೀ ಚಮಚ ಉಪ್ಪಿನ ತೂಕದಷ್ಟು. ಅದನ್ನು ಮೀನು ಮಾತ್ರ ಉಸಿರಾಡುವುದಿಲ್ಲ. ಮರಳಿನಲ್ಲಿರುವ ಬ್ಯಾಕ್ಟೀರಿಯಾ, ಹುಳು, ಸಿಗಡಿ, ರಾತ್ರಿಯಾದರೆ ಹವಳ, ಪಾಚಿ ಎಲ್ಲವೂ ಪಾಲು ಕೇಳುತ್ತವೆ. ಪಂಪ್ ನಿಂತರೆ ಸಂಪ್‌ನಲ್ಲಿರುವ 50 ಲೀಟರ್ ಮೇಲಿನವರಿಗೆ ಸಿಗುವುದೂ ಇಲ್ಲ.

ಮರಳುಗಾಡಿನ_ಹವಳ (ದುಬೈ)

ಇದನ್ನು ನಾನು ಯೋಚಿಸಿರಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ಇಲ್ಲಿಗೆ ಬಂದ ಮೇಲೆ ಕರೆಂಟ್ ಹೋದದ್ದು ನೆನಪಿಲ್ಲ. ಹದಿನೇಳು ಮೀನನ್ನು ಹಾಸನದ ನಮ್ಮ ಮನೆಯಲ್ಲಿ ಇಡುತ್ತಿದ್ದೆನೇ ಎಂದು ಕೇಳಿದರೆ, ಇಲ್ಲ.

ಡೈನೋ ವಿಷಯದಲ್ಲಿ ಮಾತ್ರ ಸೋಲುವುದಿಲ್ಲ. ಕಡಿಮೆ ಮೀನು ಇಡುವವರು ಊಟ ಕಡಿಮೆ ಮಾಡಬೇಡಿ.

ಅಂಗಳದ_ಕಡಲು (ಬೆಂಗಳೂರು)

ಪಡುವಣ_ಗಾಳಿಯವರೇ, ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ನಮ್ಮ ಅಪಾರ್ಟ್‌ಮೆಂಟ್ ಜನರೇಟರ್ ಲಿಫ್ಟ್‌ಗೆ, ಮೆಟ್ಟಿಲಿನ ದೀಪಕ್ಕೆ ಮಾತ್ರ. ಮನೆಯೊಳಗೆ ಯುಪಿಎಸ್ ಇದೆ, ಟ್ಯಾಂಕನ್ನು ಅದಕ್ಕೆ ಜೋಡಿಸಿಲ್ಲ. ನನ್ನ ಟ್ಯಾಂಕ್ ಎಷ್ಟು ಹೊತ್ತು ತಡೆಯುತ್ತದೆ ಎಂದು ತಿಳಿಯುವ ದಾರಿ ಇದೆಯೇ?

ಪಡುವಣ_ಗಾಳಿ (ಮಂಗಳೂರು)

ಇದೆ. ನೀರಿಗೆ ಹನಿ ಹಾಕಿ ಬಣ್ಣ ನೋಡುವ ಆಮ್ಲಜನಕದ ಟೆಸ್ಟ್ ಕಿಟ್ ಸಿಗುತ್ತದೆ. ರಜೆಯ ಹಿಂದಿನ ರಾತ್ರಿ, ದೀಪ ಆರಿ ಎರಡು ಗಂಟೆಯಾದ ಮೇಲೆ ಎಲ್ಲ ಪಂಪ್ ನಿಲ್ಲಿಸಿ ಪಕ್ಕದಲ್ಲೇ ಕುಳಿತುಕೊಳ್ಳಿ. ಅರ್ಧ ಗಂಟೆಗೊಮ್ಮೆ ಅಳೆಯಿರಿ. ಹಗಲಿನಲ್ಲಿ ಮಾಡಬೇಡಿ, ಹವಳದೊಳಗಿನ ಪಾಚಿ ಆಗ ಆಮ್ಲಜನಕ ಬಿಡುತ್ತಿರುತ್ತದೆ, ಟ್ಯಾಂಕ್ ಸುಳ್ಳು ಹೇಳುತ್ತದೆ. ಲೀಟರಿಗೆ 4 ಮಿಲಿಗ್ರಾಂಗೆ ಇಳಿಯುವವರೆಗೂ ಕಾಯುತ್ತಾ ಕೂರಬೇಡಿ. ಮೀನು ಏದುಸಿರು ಬಿಡತೊಡಗಿದರೆ ಅಂಕಿ ಏನೇ ಇರಲಿ, ಪಂಪ್ ಹಾಕಿ.

ಹವಳಪ್ರಿಯ (ತುಮಕೂರು)

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಗಟ್ಟಿ ಹವಳ, ಆಕ್ರೊಪೋರಾ ಥರದ್ದು, ಇಲ್ಲಿ ಯಾರಾದರೂ ಕೊಡುತ್ತಾರೆಯೇ?

ನಿರ್ವಾಹಕ

ಇಲ್ಲ, ಕೇಳಲೂ ಬೇಡಿ. ಗಟ್ಟಿ ಹವಳಗಳೆಲ್ಲವನ್ನೂ 2001ರಲ್ಲೇ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಗೆ ಸೇರಿಸಲಾಗಿದೆ. ಕಪ್ಪು ಹವಳ, ಸಮುದ್ರ ಬೀಸಣಿಗೆ, ಸಮುದ್ರಕುದುರೆ ಕೂಡ. ಕೊಡುವವರು, ಕೊಳ್ಳುವವರು ಇಬ್ಬರೂ ಸಿಕ್ಕಿಬೀಳುತ್ತಾರೆ. ಮತ್ತೆ ಮೀನಿಗೆ ಬನ್ನಿ.

ನೇತ್ರಾಣಿ_ದೋಣಿ (ಭಟ್ಕಳ)

ನನ್ನ ಮನೆಯಲ್ಲಿ ಮೀನು ಸೊನ್ನೆ, ಅಡುಗೆಮನೆಯದನ್ನು ಬಿಟ್ಟು. ಮುರುಡೇಶ್ವರದಿಂದ ನೇತ್ರಾಣಿಗೆ ಡೈವಿಂಗ್‌ಗೆ ಹೋಗುವವರ ಜೊತೆ ಹೋಗುತ್ತಿರುತ್ತೇನೆ. ನೀವು ಬರೆದದ್ದನ್ನೆಲ್ಲ ಓದಿ ನೆನಪಾದದ್ದು ಒಂದೇ. ಅಲ್ಲಿ ಅಂಗೈಯಷ್ಟಿರುವ ಡ್ಯಾಮ್ಸೆಲ್ ಒಂದು ಬಂಡೆಯನ್ನು ತನ್ನದೆಂದು ಹಿಡಿದುಕೊಂಡಿರುತ್ತದೆ. ಹತ್ತಿರ ಹೋದರೆ ಮನುಷ್ಯನ ಮುಖವಾಡಕ್ಕೇ ಬಂದು ಗುದ್ದುತ್ತದೆ. ಬೇರೆ ಮೀನು ಬಂದರೆ ಓಡಿಸುತ್ತದೆ, ಅದು ಓಡುತ್ತದೆ, ಅಲ್ಲಿಗೆ ಜಗಳ ಮುಗಿಯಿತು. ನಿಮ್ಮ ನಾಲ್ಕು ಅಡಿಯಲ್ಲಿ ಓಡುವ ಮೀನಿಗೆ ಎರಡನೆಯ ಸೆಕೆಂಡಿನಲ್ಲೇ ಗಾಜು ಸಿಗುತ್ತದಲ್ಲ?

ಹಳೆಯ_ಉಪ್ಪು (ಮೈಸೂರು)

ಟ್ಯಾಂಕ್ ಇಲ್ಲದವರೇ ಎಲ್ಲರಿಗಿಂತ ಸರಿಯಾಗಿ ಹೇಳಿದರು. ಲೀಟರ್ ಎಣಿಸುವ ಬದಲು ಬಿಲ ಎಣಿಸಿ. ನಿಮ್ಮ ಕಲ್ಲಿನ ರಾಶಿಯಲ್ಲಿ ಒಂದಕ್ಕೊಂದು ಕಾಣದ ಹಾಗೆ ಮಲಗಲು ಎಷ್ಟು ಸಂದುಗಳಿವೆ? ಗ್ರಾಮಾ ಒಂದು ಗುಹೆ ಹಿಡಿದಿರುತ್ತದೆ, ಬ್ಲೆನ್ನಿ ಒಂದು ರಂಧ್ರ, ಗೋಬಿ ನೆಲದಡಿ, ಕ್ಲೌನ್‌ಗಳು ಲೆದರ್ ಪಕ್ಕ. ಖಾಲಿ ಇರುವುದು ನಡುನೀರು ಮತ್ತು ಮರಳಿನ ಒಂದು ಬದಿ. ಆ ಎರಡು ಜಾಗಕ್ಕೆ ಒಂದೊಂದು ಮೀನು ಹುಡುಕಿ.

ತಂದದ್ದನ್ನು ನೇರವಾಗಿ ಒಳಗೆ ಬಿಡಬೇಡಿ. ನಾಲ್ಕಾರು ವಾರ ಬೇರೆ ಪೆಟ್ಟಿಗೆಯಲ್ಲಿ ಇಡಿ. ಬಿಳಿಚುಕ್ಕೆ ರೋಗ ಒಮ್ಮೆ ಒಳಗೆ ಹೊಕ್ಕರೆ ತಾಮ್ರದ ಔಷಧಿಯನ್ನು ಹವಳ, ಸಿಗಡಿ ಇರುವ ಟ್ಯಾಂಕಿಗೆ ಹಾಕಲಾಗದು. ಮೀನನ್ನೆಲ್ಲ ಹಿಡಿದು ಹೊರಗಿಟ್ಟು ಟ್ಯಾಂಕನ್ನು 76 ದಿನ ಮೀನಿಲ್ಲದೆ ಬಿಡಬೇಕು. ಕಲ್ಲಿನೊಳಗೆ ಅಡಗಿದ ಗೋಬಿಯನ್ನು ಹಿಡಿಯಲು ಇಡೀ ಕಲ್ಲಿನ ರಾಶಿ ಕಳಚಿದವನು ನಾನು. ಹದಿಮೂರನ್ನು ಹಿಡಿಯುವುದನ್ನು ನೆನೆದರೇ ಬೆನ್ನು ನೋಯುತ್ತದೆ.

ಅಂಗಳದ_ಕಡಲು (ಬೆಂಗಳೂರು)

ಪರೀಕ್ಷೆ ಮಾಡಿದೆ. ಶನಿವಾರ ರಾತ್ರಿ ಹನ್ನೊಂದಕ್ಕೆ ಪಂಪ್ ನಿಲ್ಲಿಸಿದಾಗ 6.2. ಒಂದು ಗಂಟೆಯ ಮೇಲೆ 5.7. ಎರಡು ಗಂಟೆಯ ಮೇಲೆ 5.2. ಮೂರನೆಯ ಗಂಟೆಗೆ 4.8. ಬಣ್ಣ ನೋಡಿ ಅಂದಾಜಿಸುವುದರಿಂದ ಆಚೀಚೆ ಇರಬಹುದು. ಅಷ್ಟರಲ್ಲಿ ದೊಡ್ಡ ಕ್ಲೌನ್‌ನ ಕಿವಿರು ಬೇಗ ಬೇಗ ಆಡತೊಡಗಿತ್ತು, ಪರೀಕ್ಷೆ ನಿಲ್ಲಿಸಿಬಿಟ್ಟೆ. ಪಂಪ್‌ಗಳ ಸದ್ದಿಲ್ಲದ ಮನೆ ಎಷ್ಟು ನಿಶ್ಶಬ್ದವಾಗಿರುತ್ತದೆ ಎಂಬುದು ಮರೆತೇಹೋಗಿತ್ತು. ಇದು ಐದು ಸಣ್ಣ ಮೀನಿನ ಕಥೆ. ಹದಿಮೂರು ಇದ್ದಿದ್ದರೆ ಎಂದು ಯೋಚಿಸಲು ಕಿಟ್ ಬೇಕಾಗಿಲ್ಲ.

ಸೋಮವಾರ ಹೋಗಿ 24 ವೋಲ್ಟ್‌ನ ವೇವ್‌ಮೇಕರ್, ಅದಕ್ಕೆ ಬೇರೆಯದೇ ಬ್ಯಾಟರಿ, ಜೊತೆಗೆ ಬ್ಯಾಟರಿಯಲ್ಲಿ ಓಡುವ ಎರಡು ಗಾಳಿ ಪಂಪ್ ತಂದೆ. ಟ್ಯಾಂಗ್‌ಗೆಂದು ಎತ್ತಿಟ್ಟಿದ್ದ ದುಡ್ಡು ಅಲ್ಲಿಗೆ ಮುಗಿಯಿತು.

ಪಡುವಣ_ಗಾಳಿ (ಮಂಗಳೂರು)

ವೇವ್‌ಮೇಕರ್‌ನ ಮುಖವನ್ನು ಮೇಲಕ್ಕೆ ತಿರುಗಿಸಿ, ನೀರಿನ ಮೇಲ್ಮೈ ಕದಡಬೇಕು. ಒಳಗೊಳಗೇ ತಿರುಗಿಸಿದರೆ ಪ್ರಯೋಜನವಿಲ್ಲ. ಚೊಂಬನ್ನೂ ಹತ್ತಿರದಲ್ಲೇ ಇಟ್ಟುಕೊಳ್ಳಿ.

ಕ್ರೋಮಿಸ್_ಸಂತ್ರಸ್ತ (ಹುಬ್ಬಳ್ಳಿ)

ಹಳದಿ ಮೀನಿನ ಗತಿ ಏನಾಯಿತು? ಮಗಳಿಗೆ ಯಾರು ಉತ್ತರ ಕೊಡುತ್ತಾರೆ?

ಹಳೆಯ_ಉಪ್ಪು (ಮೈಸೂರು)

ಹಳದಿ ಕೋರಿಸ್ ರಾಸ್ ನೋಡಿ. ಪೂರ್ತಿ ಬೆಳೆದರೆ 12 ಸೆಂ.ಮೀ., ಮೈಯೆಲ್ಲ ಹಳದಿ, ಹವಳದ ತಂಟೆಗೆ ಹೋಗುವುದಿಲ್ಲ. ರಾತ್ರಿ ಮರಳಿನೊಳಗೆ ಹೂತುಕೊಂಡು ಮಲಗುತ್ತದೆ. ಆದ್ದರಿಂದ ಮರಳು ಎರಡು ಇಂಚಾದರೂ ಇರಲಿ. ಮೇಲೆ ಬಲೆಯ ಮುಚ್ಚಳ ಬೇಕು, ಹಾರುತ್ತದೆ.

ಅಂಗಳದ_ಕಡಲು (ಬೆಂಗಳೂರು), ನಾಲ್ಕು ತಿಂಗಳ ನಂತರ

ತಡವಾಗಿ ಬರೆಯುತ್ತಿದ್ದೇನೆ. ಈಗ ಏಳು. ಹಳೆಯ ಐದರ ಜೊತೆಗೆ ಹಳದಿ ಕೋರಿಸ್ ಒಂದು, ನಡುನೀರಿಗೆ ಬಂಗ್ಗಾಯ್ ಕಾರ್ಡಿನಲ್ ಒಂದು. ಎರಡನ್ನೂ ಐದು ವಾರ ಬಾತ್‌ರೂಮಿನ ಪಕ್ಕದ ಸಣ್ಣ ಪೆಟ್ಟಿಗೆಯಲ್ಲಿ ಇಟ್ಟಿದ್ದೆ. ದುಬೈನವರ ಮಾತು ಕೇಳಿ ಊಟ ಕಡಿಮೆ ಮಾಡಲಿಲ್ಲ, ಸಂಪ್‌ನಲ್ಲಿ ಪಾಚಿಯೂ ಬೆಳೆಯುತ್ತಿದೆ. ನೈಟ್ರೇಟ್ 10. ಜುಲೈನಲ್ಲಿ ಒಮ್ಮೆ ನಾಲ್ಕೂವರೆ ಗಂಟೆ ಕರೆಂಟ್ ಇರಲಿಲ್ಲ. ನಾವು ಊರಿನಲ್ಲಿದ್ದೆವು, ಬಂದ ಮೇಲೆ ಪಕ್ಕದ ಮನೆಯವರು ಹೇಳಿದಾಗಲೇ ಗೊತ್ತಾದದ್ದು.

ಕೋರಿಸ್ ಬಿಟ್ಟ ದಿನವೇ ಮರಳಿನೊಳಗೆ ಹೋಗಿ ಮೂರು ದಿನ ಕಾಣಲಿಲ್ಲ. ಮಗಳು ಅತ್ತಳು, ಮಾವನವರು ಬೆಲೆ ಕೇಳಿದರು. ನಾಲ್ಕನೆಯ ದಿನ ಏನೂ ಆಗಿಲ್ಲವೆಂಬಂತೆ ಊಟಕ್ಕೆ ಬಂತು. ಈಗ ಮಗಳು ಶಾಲೆಗೆ ಹೊರಡುವ ಮುಂಚೆ ದಿನಾ ಎಣಿಸುತ್ತಾಳೆ. ಏಳು ಗಂಟೆಗೆ ಆರು, ಎಂಟು ಗಂಟೆಗೆ ಏಳು.